ಬಿರುಕು ಬಿಟ್ಟ ಹಳೆ ಸ್ಟೀರಿಂಗ್: ಮತ್ತೆ ಸೀಳದ ಹಾಗೆ ರಿಪೇರಿ ಮಾಡುವ ಕ್ರಮ

ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತೇನೆ. "ಸ್ಟೀರಿಂಗ್ ಬಿರುಕಿಗೆ ಎಂ-ಸೀಲ್ ಹಾಕಿದೆ, ಉಜ್ಜಿದೆ, ಬಣ್ಣ ಹೊಡೆಸಿದೆ. ಹೊಸದರ ಹಾಗೇ ಕಾಣುತ್ತಿತ್ತು. ಒಂದು ಬೇಸಿಗೆ ಕಳೆಯಿತು, ಅದೇ ಜಾಗದಲ್ಲಿ ಮತ್ತೆ ಗೆರೆ." ನನ್ನ ಮೊದಲ ಸ್ಟೀರಿಂಗ್ ವೀಲ್‌ಗೂ ಹೀಗೇ ಆಯಿತು. ತಪ್ಪು ಎಲ್ಲಿದೆ ಎಂದು ಗೊತ್ತಾಗದೆ ಎರಡನೆಯದಕ್ಕೂ ಆಯಿತು.

ತಪ್ಪು ಸಾಮಾನ್ಯವಾಗಿ ಪುಟ್ಟಿಯದ್ದೂ ಅಲ್ಲ, ಪೇಂಟರ್‌ದೂ ಅಲ್ಲ. ಬಿರುಕನ್ನು ತೆರೆಯದೆ ಮೇಲಿಂದ ಮೆತ್ತಿರುತ್ತಾರೆ. ಪುಟ್ಟಿ ಪೂರ್ತಿ ಗಟ್ಟಿಯಾಗುವ ಮುಂಚೆ ಉಜ್ಜಿರುತ್ತಾರೆ. ಐವತ್ತು ವರ್ಷದ ಕೈ ಜಿಡ್ಡಿನ ಮೇಲೇ ಬಣ್ಣ ಹೊಡೆದಿರುತ್ತಾರೆ. ಈ ಮೂರರಲ್ಲಿ ಒಂದು ಆದರೂ ಸಾಕು, ಗೆರೆ ವಾಪಸ್ ಬರುತ್ತದೆ.

ಇಲ್ಲಿ ಹೇಳುವುದು ಉಕ್ಕಿನ ಬಳೆಯ ಮೇಲೆ ಗಟ್ಟಿ ಪ್ಲಾಸ್ಟಿಕ್ ಅಥವಾ ಗಟ್ಟಿ ರಬ್ಬರ್ ಎರಕ ಹೊಯ್ದ ವೀಲ್‌ಗಳಿಗೆ ಮಾತ್ರ. ಪದ್ಮಿನಿ, ಹಳೆಯ ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಹಳೆ ಜೀಪುಗಳದ್ದು ಈ ಜಾತಿ. ಮರದ ವೀಲ್, ಚರ್ಮ ಸುತ್ತಿದ ವೀಲ್, ಒತ್ತಿದರೆ ಮೆತ್ತಗಾಗುವ ಫೋಮ್ ವೀಲ್‌ಗೆ ಈ ವಿಧಾನ ಆಗುವುದಿಲ್ಲ. ಏರ್‌ಬ್ಯಾಗ್ ಇರುವ ಯಾವ ವೀಲನ್ನೂ ಮನೆಯಲ್ಲಿ ಬಿಚ್ಚಬೇಡಿ.

ಸಮಯದ ಲೆಕ್ಕ ಈಗಲೇ ಹೇಳಿಬಿಡುತ್ತೇನೆ. ಕೈ ಕೆಲಸ ಎರಡು ಮೂರು ದಿನದ್ದು. ಕಾಯುವುದು ಸೇರಿದರೆ ಮೂರು ವಾರ. ಶನಿವಾರ ಶುರು ಮಾಡಿ ಸೋಮವಾರ ಕಾರು ಓಡಿಸಬೇಕು ಎನ್ನುವವರು ಸದ್ಯಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅಲ್ಲಿಯವರೆಗೆ ಓಡಿಸಲು ಗೆಳೆಯರಿಂದ ಒಂದು ವೀಲ್ ತನ್ನಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ.

ಯಾಕೆ ಬಿರುಕು ಬಿಡುತ್ತದೆ

ಒಳಗಿರುವ ಉಕ್ಕಿನ ಬಳೆ ಕುಗ್ಗುವುದಿಲ್ಲ. ಮೇಲಿನ ಪ್ಲಾಸ್ಟಿಕ್ ವರ್ಷದಿಂದ ವರ್ಷಕ್ಕೆ ಚೂರು ಚೂರೇ ಕುಗ್ಗುತ್ತದೆ. ಬಿಸಿಲು ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಕುಗ್ಗಲು ಜಾಗ ಇಲ್ಲದೆ ಪ್ಲಾಸ್ಟಿಕ್ ಅಡ್ಡಡ್ಡಲಾಗಿ ಸೀಳುತ್ತದೆ. ಸ್ಪೋಕ್ ಬಂದು ಸೇರುವ ಜಾಗದಲ್ಲಿ ಎಳೆತ ಹೆಚ್ಚು, ಹಾಗಾಗಿ ಅಲ್ಲೇ ಮೊದಲು.

ಅಂದರೆ ಬಿರುಕು ಎಂದರೆ ಅಲ್ಲಿ ಪ್ಲಾಸ್ಟಿಕ್ ಕಮ್ಮಿ ಬಿದ್ದಿದೆ ಎಂದರ್ಥ. ಕ್ಲ್ಯಾಂಪ್ ಹಾಕಿ ಒತ್ತಿ ಅಂಟಿಸಲು ನೋಡಬೇಡಿ. ಕಮ್ಮಿ ಬಿದ್ದಷ್ಟನ್ನು ಹೊಸದಾಗಿ ತುಂಬಿ ಕೊಡಬೇಕು. ಮುಂದಿನ ಕ್ರಮ ಪೂರ್ತಿ ಇದರ ಮೇಲೇ ನಿಂತಿದೆ.

1. ರಿಪೇರಿಗೆ ಯೋಗ್ಯವೇ ಎಂದು ನೋಡಿ

ಯಾವ ಸಾಮಾನನ್ನೂ ಕೊಳ್ಳುವ ಮುಂಚೆ ಈ ಪರೀಕ್ಷೆ ಆಗಲಿ. ಕಾರಿನಲ್ಲೇ ಕುಳಿತು ವೀಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ, ಆಮೇಲೆ ಮುಂದಕ್ಕೆ ತಳ್ಳಿ. ಪ್ಲಾಸ್ಟಿಕ್ ಚೂರು ಮಿಸುಕಿದರೆ ಪರವಾಗಿಲ್ಲ. ರಿಮ್ಮೇ ಸ್ಪೋಕ್‌ನಿಂದ ಬೇರೆಯಾಗಿ ಅಲ್ಲಾಡಿದರೆ, ಒಳಗೆ ಲೋಹದ ಕಿರಕಿರ ಶಬ್ದ ಬಂದರೆ, ಅಲ್ಲಿಗೆ ನಿಲ್ಲಿಸಿ.

ಈ ಕೆಳಗಿನ ಯಾವುದಾದರೂ ಕಂಡರೆ ಆ ವೀಲನ್ನು ಗೋಡೆಗೆ ನೇತು ಹಾಕಿ, ಕಾರಿಗೆ ಬೇಡ:

- ಉಕ್ಕಿನ ಬಳೆ ಅಥವಾ ಸ್ಪೋಕ್ ಸೀಳಿರುವುದು, ಬೆಸುಗೆ ಬಿಟ್ಟಿರುವುದು
- ನಡುವಿನ ಲೋಹದ ಹಬ್‌ನಲ್ಲಿ ಕೂದಲೆಳೆಯ ಬಿರುಕು
- ಹಬ್ ಒಳಗಿನ ಹಲ್ಲುಗಳು ಸವೆದು, ಅದು ಕೂರುವ ಉಕ್ಕಿನ ದಂಡದ (ಶಾಫ್ಟ್) ಮೇಲೆ ವೀಲ್ ಆಡುತ್ತಿರುವುದು
- ಅಪಘಾತದಲ್ಲಿ ರಿಮ್ ಬಾಗಿರುವುದು
- ತುಕ್ಕು ತಿಂದು ಬಳೆ ತೆಳ್ಳಗಾಗಿರುವುದು

ಪುಟ್ಟಿ ಪ್ಲಾಸ್ಟಿಕ್‌ನ ಕೆಲಸ ಮಾಡುತ್ತದೆ, ಉಕ್ಕಿನ ಕೆಲಸ ಮಾಡುವುದಿಲ್ಲ. ಸ್ಟೀರಿಂಗ್ ಕೈಗೆ ಬಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈ ವಿಷಯದಲ್ಲಿ ದಯವಿಟ್ಟು ಕಾಸು ಉಳಿಸಲು ಹೋಗಬೇಡಿ.

ಇನ್ನೊಂದು ಪರೀಕ್ಷೆ ಮೂಗಿನದು. ರಿಮ್ ಹಿಂಬದಿಯಲ್ಲಿ ಒಂದು ಸಣ್ಣ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಅದು ಗಟ್ಟಿ ರಬ್ಬರ್. ಇದು ರಿಪೇರಿಗೆ ಚೆನ್ನಾಗಿ ಒಗ್ಗುತ್ತದೆ. ವಿನೆಗರ್‌ನ ಹುಳಿ ವಾಸನೆ ಬಂದರೆ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಹಳೆ ಪ್ಲಾಸ್ಟಿಕ್, ಮತ್ತು ಅದು ಒಳಗಿನಿಂದಲೇ ಹಾಳಾಗುತ್ತಿದೆ. ಅಂಥ ವೀಲ್ ಇನ್ನೂ ಕುಗ್ಗುತ್ತದೆ. ರಿಪೇರಿ ಮಾಡಬಹುದು, ಆದರೆ ಅದರ ಪಕ್ಕದಲ್ಲಿ ಹೊಸ ಬಿರುಕು ಬಂದರೆ ಆಶ್ಚರ್ಯಪಡಬೇಡಿ. ಕರ್ಪೂರದ ವಾಸನೆ ಬಂದರೆ ಅದು ಬೇಗ ಬೆಂಕಿ ಹಿಡಿಯುವ ಸೆಲ್ಯುಲಾಯ್ಡ್ ಇರಬಹುದು. ಅದರ ಹತ್ತಿರ ಹೀಟ್ ಗನ್, ಗ್ರೈಂಡರ್, ಬೀಡಿ ಬೆಂಕಿ ಏನೂ ಸುಳಿಯಬಾರದು.

2. ಸಾಮಾನು ಜೋಡಿಸಿಕೊಳ್ಳಿ

ಬಿಚ್ಚಲು ಸರಿಯಾದ ಅಳತೆಯ ಬಾಕ್ಸ್ ಸ್ಪ್ಯಾನರ್ ಮತ್ತು ವೀಲನ್ನು ಶಾಫ್ಟ್‌ನಿಂದ ಎಳೆದು ತೆಗೆಯುವ ಸ್ಟೀರಿಂಗ್ ಪುಲ್ಲರ್ ಬೇಕು. ಪುಲ್ಲರ್ ಕೊಳ್ಳಬೇಕೆಂದಿಲ್ಲ, ಹಳೆ ಗ್ಯಾರೇಜಿನವರನ್ನು ಕೇಳಿದರೆ ಒಂದು ದಿನಕ್ಕೆ ಕೊಡುತ್ತಾರೆ.

ಬಿರುಕು ತೆರೆಯಲು ಹ್ಯಾಕ್ಸಾ ಬ್ಲೇಡ್, ಒಂದು ಮುಮ್ಮೂಲೆ ಅರ, ಸೂಜಿ ಅರಗಳ ಸಣ್ಣ ಸೆಟ್. ಡ್ರೆಮೆಲ್ ಥರದ ಸಣ್ಣ ರೋಟರಿ ಮಿಷನ್ ಇದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ಮೊದಲ ಸಲ ಮಾಡುವವರಿಗೆ ಅರವೇ ಕ್ಷೇಮ. ಮಿಷನ್ ಒಂದು ಸಲ ಕೈ ಜಾರಿದರೆ ಪಕ್ಕದ ಒಳ್ಳೆ ಪ್ಲಾಸ್ಟಿಕ್‌ನಲ್ಲಿ ಗುಂಡಿ ಬೀಳುತ್ತದೆ.

ತುಂಬಲು ಎರಡು ಭಾಗದ ಎಪಾಕ್ಸಿ ಪುಟ್ಟಿ, ಅಂದರೆ ಎಂ-ಸೀಲ್ ಥರದ್ದು. ಜೊತೆಗೆ ನಿಧಾನವಾಗಿ ಗಟ್ಟಿಯಾಗುವ ಸ್ಟ್ಯಾಂಡರ್ಡ್ ಅರಾಲ್ಡೈಟ್. ಐದು ನಿಮಿಷದ ಎಪಾಕ್ಸಿ ಬೇಡ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಶಾಖಕ್ಕೆ ಅದು ಬೇಗ ಮೆತ್ತಗಾಗುತ್ತದೆ. ಫೆವಿಕ್ವಿಕ್ ಕೂಡ ಬೇಡ, ಅದು ಗಾಜಿನ ಹಾಗೆ ಗಡುಸು, ವೀಲ್ ಸ್ವಲ್ಪ ಬಾಗಿದರೂ ಬಿಟ್ಟುಕೊಳ್ಳುತ್ತದೆ. ಟಿಂಕರಿಂಗ್ ಅಂಗಡಿಯವರು ಕಾರಿನ ಮೈ ತಗಡಿಗೆ ಹಾಕುವ ಪುಟ್ಟಿಯನ್ನೇ ಬಳಿದುಕೊಡುತ್ತೇವೆ ಎಂದರೂ ಒಪ್ಪಬೇಡಿ. ತಗಡಿನ ಮೇಲೆ ತೆಳ್ಳಗೆ ಎಳೆಯಲು ಅದು ಸರಿ. ಆಳದ ಬಿರುಕಿಗೆ ಅಲ್ಲ.

ಉಳಿದದ್ದು: 80, 120, 220, 320 ನಂಬರಿನ ಮರಳು ಕಾಗದ, 400, 600, 2000 ನಂಬರಿನ ವಾಟರ್ ಪೇಪರ್, ಬಟ್ಟೆ ಬೆನ್ನಿನ ಎಮರಿ ಪಟ್ಟಿ, ಮಾಸ್ಕಿಂಗ್ ಟೇಪ್, ತಂತಿ ಬ್ರಷ್, ಇಯರ್ ಬಡ್, ಸಿರಿಂಜ್, ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್, ರಬ್ಬರ್ ಗ್ಲವ್ಸ್, ಎನ್95 ಮಾಸ್ಕ್, ಕನ್ನಡಕ.

3. ವೀಲ್ ಬಿಚ್ಚಿ

ಕಾರಿನಲ್ಲೇ ಬಿಟ್ಟು ರಿಪೇರಿ ಮಾಡಲು ನೋಡುವವರಿದ್ದಾರೆ. ಹಿಂಬದಿ ಕಾಣುವುದಿಲ್ಲ, ಧೂಳೆಲ್ಲ ಸ್ಟೀರಿಂಗ್ ಕಂಬದ (ಕಾಲಂ) ಒಳಗೆ ಇಳಿಯುತ್ತದೆ. ಬಿಚ್ಚಿಯೇ ಮಾಡಿ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಮುಂದಿನ ಚಕ್ರಗಳು ನೇರ ಇರಲಿ. ಹಾರ್ನ್ ಬಟನ್ ತೆಗೆಯುವಾಗ ಪ್ರತಿ ಹಂತಕ್ಕೂ ಒಂದು ಫೋಟೊ. ಸ್ಪ್ರಿಂಗ್ ಯಾವ ಮುಖವಾಗಿತ್ತು, ತಂತಿ ಎಲ್ಲಿ ಹೋಗಿತ್ತು, ಯಾವ ವಾಷರ್ ಮೊದಲು ಎಂಬುದು ಮೂರು ವಾರದ ನಂತರ ನೆನಪಿರುವುದಿಲ್ಲ. ಸಣ್ಣ ಸಾಮಾನನ್ನೆಲ್ಲ ಒಂದು ಡಬ್ಬಿಗೆ ಹಾಕಿಡಿ.

ನಟ್ ಕಂಡ ಮೇಲೆ ಶಾಫ್ಟ್ ತುದಿಗೂ ಹಬ್‌ಗೂ ಸೇರಿಸಿ ಒಂದು ಗುರುತು ಗೀರಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಮೂರು ನಾಲ್ಕು ಸುತ್ತು ಹಿಡಿದುಕೊಂಡಿರಲಿ. ವೀಲ್ ತಟ್ಟನೆ ಕಳಚಿದಾಗ ನಿಮ್ಮ ಮುಖಕ್ಕೆ ಬಡಿಯದಂತೆ ಆ ನಟ್ ತಡೆಯುತ್ತದೆ.

ಪುಲ್ಲರ್‌ನ ಹಿಡಿ ಹಬ್ ಹಿಂದೆ ಕೂರಬೇಕು. ರಿಮ್ ಅಥವಾ ಸ್ಪೋಕ್‌ಗೆ ಕೊಕ್ಕೆ ಹಾಕಿ ಎಳೆಯಬೇಡಿ. ಬರುತ್ತಿಲ್ಲವೆಂದು ಶಾಫ್ಟ್ ತುದಿಗೆ ಸುತ್ತಿಗೆಯಿಂದ ಬಡಿಯಲೇಬೇಡಿ. ನಟ್ ಕೂರುವ ತಿರುಪಿನ ಎಳೆ ಹಾಳಾಗುತ್ತದೆ, ಕಾಲಂನ ಬೇರಿಂಗ್ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯ ನಾಲ್ಕು ಹನಿ ಹಬ್‌ಗೆ ಬಿಟ್ಟು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಪುಲ್ಲರ್ ಬಿಗಿ ಮಾಡಿ, ಅದರ ಬೋಲ್ಟಿನ ತಲೆಗೆ ಸಣ್ಣದಾಗಿ ತಟ್ಟಿ. ಹೆಚ್ಚಿನ ವೀಲ್‌ಗಳು ಇಷ್ಟಕ್ಕೆ ಬರುತ್ತವೆ. ಎಣ್ಣೆಯನ್ನು ರಿಮ್ ಬಿರುಕಿನ ಹತ್ತಿರ ಸ್ಪ್ರೇ ಮಾಡಬೇಡಿ. ಒಳಗೆ ಇಳಿದರೆ ಪುಟ್ಟಿ ಹಿಡಿಯುವುದಿಲ್ಲ.

4. ತೊಳೆಯಿರಿ, ಉಜ್ಜುವ ಮುಂಚೆ

ಜಾಸ್ತಿ ಜನ ಈ ಕ್ರಮವನ್ನೇ ತಿರುವು ಮುರುವು ಮಾಡುತ್ತಾರೆ. ಜಿಡ್ಡಿರುವಾಗಲೇ ಉಜ್ಜಿದರೆ ಜಿಡ್ಡು, ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕೋನ್ ಎಲ್ಲವೂ ಗೀರುಗಳ ಆಳಕ್ಕೆ ಹೋಗಿ ಕೂರುತ್ತವೆ. ಬಣ್ಣ ಹೊಡೆದ ದಿನ ಮೀನಿನ ಕಣ್ಣಿನಂಥ ಗುಂಡು ಗುಂಡು ಕುಳಿಗಳಾಗಿ ಅವು ಮೇಲೆ ಬರುತ್ತವೆ.

ಬಿಸಿ ನೀರಲ್ಲ, ಉಗುರು ಬೆಚ್ಚಗಿನ ನೀರು. ಪಾತ್ರೆ ಲಿಕ್ವಿಡ್ ಹಾಕಿ ಹಳೆ ಟೂತ್ ಬ್ರಷ್‌ನಿಂದ ತಿಕ್ಕಿ. ನೀರು ಕಂದು ಬಣ್ಣಕ್ಕೆ ಬರುತ್ತದೆ. ಸ್ವಚ್ಛ ನೀರು ಬರುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಬಟ್ಟೆಯ ಹೊಸ ಬದಿ ಕಪ್ಪಾಗದೆ ಬರುವವರೆಗೆ. ಥಿನ್ನರ್ ಅಥವಾ ಅಸಿಟೋನ್ ಬಳಸುವ ಆಸೆ ಬೇಡ. ಅಸಿಟೇಟ್ ಪ್ಲಾಸ್ಟಿಕ್ ಅದಕ್ಕೆ ಕರಗಿ ಅಂಟಂಟಾಗುತ್ತದೆ. ಆಲ್ಕೋಹಾಲನ್ನೂ ಮೊದಲು ಹಿಂಬದಿಯಲ್ಲಿ ಒರೆಸಿ ನೋಡಿ.

ಇಲ್ಲಿಂದ ಮುಂದೆ ಗ್ಲವ್ಸ್ ಇಲ್ಲದೆ ವೀಲ್ ಮುಟ್ಟಬೇಡಿ.

5. ಬಿರುಕು ಹುಡುಕಿ, ತೆರೆಯಿರಿ

ಇಡೀ ಕೆಲಸದ ಆಯುಷ್ಯ ಇಲ್ಲಿ ನಿರ್ಧಾರವಾಗುತ್ತದೆ. ನಿಧಾನವಾಗಿ ಮಾಡಿ.

ಕಣ್ಣಿಗೆ ಕಾಣುವ ಬಿರುಕು ನಾಲ್ಕಿದ್ದರೆ ಕಾಣದ್ದು ಇನ್ನೂ ನಾಲ್ಕಿರುತ್ತವೆ. ಕಪ್ಪು ವೀಲ್ ಆದರೆ ಸೀಮೆಸುಣ್ಣದ ಪುಡಿ ಸವರಿ, ಒಣ ಬಟ್ಟೆಯಿಂದ ಒರೆಸಿ. ಕೂದಲೆಳೆ ಬಿರುಕುಗಳಲ್ಲಿ ಬಿಳಿ ಗೆರೆ ಉಳಿಯುತ್ತದೆ. ದಂತದ ಬಣ್ಣದ ವೀಲ್ ಆದರೆ ಪೆನ್ಸಿಲ್ ಸೀಸದ ಪುಡಿ. ಪ್ರತಿಯೊಂದಕ್ಕೂ ಪಕ್ಕದಲ್ಲಿ ಟೇಪ್ ಅಂಟಿಸಿ ನಂಬರ್ ಬರೆಯಿರಿ.

ಇನ್ನು ಬೆರಳ ಗೆಣ್ಣಿನಿಂದ ರಿಮ್ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಶಬ್ದದ ನಡುವೆ ಎಲ್ಲಾದರೂ ಟೊಳ್ಳು ಶಬ್ದ ಬಂದರೆ ಅಲ್ಲಿ ಪ್ಲಾಸ್ಟಿಕ್ ಉಕ್ಕಿನಿಂದ ಬಿಟ್ಟುಕೊಂಡಿದೆ. ಅದನ್ನೂ ಗುರುತು ಮಾಡಿ.

ಈಗ ತೆರೆಯುವುದು. ಬಿರುಕಿನ ಗೆರೆಯ ಮೇಲೆ ಹ್ಯಾಕ್ಸಾ ಬ್ಲೇಡ್‌ನಿಂದ ಉಕ್ಕಿನ ಬಳೆ ತಾಗುವವರೆಗೆ ಕೊಯ್ಯಿರಿ. ಆಮೇಲೆ ಮುಮ್ಮೂಲೆ ಅರದಿಂದ ಎರಡೂ ದಡವನ್ನು ಓರೆಯಾಗಿ ಅರೆಯಿರಿ. ಮೇಲ್ಭಾಗ 5ರಿಂದ 6 ಮಿ.ಮೀ. ಅಗಲ, ತಳದಲ್ಲಿ ಸುಮಾರು 2 ಮಿ.ಮೀ. ಬರಬೇಕು. ರಿಮ್‌ನ ಸುತ್ತ, ಹಿಂಬದಿಯಲ್ಲೂ ಹೀಗೇ. ಬಿರುಕು ಎದುರಿಗೆ ಮಾತ್ರ ಕಂಡರೂ ಬಹಳ ಸಲ ಅದು ಸುತ್ತ ಹೋಗಿರುತ್ತದೆ.

ಇಷ್ಟು ಅಗಲ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆ ಪ್ಲಾಸ್ಟಿಕ್ ಕೊಯ್ಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಕೂದಲೆಳೆಯ ಬಿರುಕಿನೊಳಗೆ ಪುಟ್ಟಿ ಇಳಿಯುವುದೇ ಇಲ್ಲ. ಮೇಲೆ ಒಂದು ತೆಳು ಪದರ ಕೂರುತ್ತದೆ ಅಷ್ಟೇ. ವೀಲ್ ತಿರುಗಿಸುವಾಗ ಬರುವ ಎಳೆತ ಪೂರ್ತಿ ಆ ಪದರದ ಮೇಲೆ. ಅಗಲವಾದ ಓರೆ ದಡ ಇದ್ದರೆ ಪುಟ್ಟಿಗೆ ಅಂಟಲು ಮೈ ಸಿಗುತ್ತದೆ, ತನ್ನದೇ ದಪ್ಪವೂ ಸಿಗುತ್ತದೆ. ನನ್ನ ಮೊದಲ ಎರಡು ವೀಲ್‌ಗಳಲ್ಲಿ ನಾನು ದೊಡ್ಡ ಬಿರುಕುಗಳನ್ನು ಮಾತ್ರ ತೆರೆದು, ಸಣ್ಣವನ್ನು ಸುಮ್ನೆ ಸವರಿ ಬಿಟ್ಟಿದ್ದೆ. ವಾಪಸ್ ಬಂದದ್ದು ಸಣ್ಣವೇ.

ಎರಡು ಎಚ್ಚರಿಕೆ. ಬಿರುಕುಗಳು ಜಾಸ್ತಿ ಇದ್ದರೆ ಎಲ್ಲವನ್ನೂ ಒಂದೇ ಸಲ ತೆರೆಯಬೇಡಿ. ನಡುವಿನ ತುಂಡುಗಳು ಬಳೆಯ ಮೇಲೆ ಜಾರಿ ತಿರುಗಿಬಿಡುತ್ತವೆ, ಬೆರಳು ಕೂರಲು ಹಿಂಬದಿಯಲ್ಲಿರುವ ತಗ್ಗುಬ್ಬುಗಳು, ಅಂದರೆ ಬೆರಳ ಹಿಡಿಗಳು, ಸಾಲು ತಪ್ಪುತ್ತವೆ. ಒಂದು ಬಿಟ್ಟು ಒಂದನ್ನು ತೆರೆದು ತುಂಬಿ, ಗಟ್ಟಿಯಾದ ಮೇಲೆ ಉಳಿದವನ್ನು ಮಾಡಿ. ಇನ್ನೊಂದು, ಅಡ್ಡ ಹೋಗದೆ ರಿಮ್ ಉದ್ದಕ್ಕೆ ಹೋದ ಬಿರುಕಿದ್ದರೆ ಅದು ಮುಗಿಯುವ ತುದಿಯಲ್ಲಿ 2 ಮಿ.ಮೀ. ತೂತು ಕೊರೆಯಿರಿ. ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ.

ಅರೆಯುವಾಗ ಮಾಸ್ಕ್ ಕಡ್ಡಾಯ. ಈ ಕಪ್ಪು ಧೂಳು ಒಳ್ಳೆಯದಲ್ಲ. ಮನೆಯೊಳಗೆ, ಮಕ್ಕಳು ಓಡಾಡುವ ಕಡೆ ಈ ಕೆಲಸ ಮಾಡಬೇಡಿ.

6. ತುಕ್ಕು ತೆಗೆಯಿರಿ

ತೆರೆದ ಪ್ರತಿ ಸಂದಿನ ತಳದಲ್ಲಿ ಉಕ್ಕು ಕಾಣಬೇಕು, ಅದೂ ಹೊಳೆಯುತ್ತ ಕಾಣಬೇಕು. ಕಂದು ಬಣ್ಣ ಇದ್ದರೆ ಸಣ್ಣ ತಂತಿ ಬ್ರಷ್, ಸೂಜಿ ಅರದಿಂದ ಕೆರೆಯಿರಿ. ಮೂಲೆಗಳಲ್ಲಿ ಉಳಿದರೆ ಫಾಸ್ಫರಿಕ್ ಆಮ್ಲದ ತುಕ್ಕು ನಿವಾರಕವನ್ನು ಇಯರ್ ಬಡ್‌ನಿಂದ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ತುಕ್ಕು ಬಿಟ್ಟು ತುಂಬಿದರೆ ಅದು ಒಳಗೇ ಉಬ್ಬಿ ಪುಟ್ಟಿಯನ್ನು ಹೊರಗೆ ತಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಲ್ಲಿ ಈ ಹಂತಕ್ಕೆ ಒಂದು ದಿನವೇ ಬೇಕಾಗಬಹುದು.

ಒಣಗಿದ ಮೇಲೆ ಆಲ್ಕೋಹಾಲ್‌ನಿಂದ ಕೊನೆಯ ಸಲ ಒರೆಸಿ. ಅವತ್ತೇ ತುಂಬಿ. ತೆರೆದ ಉಕ್ಕು ಒಂದು ರಾತ್ರಿಯಲ್ಲಿ ಮತ್ತೆ ಮಬ್ಬಾಗುತ್ತದೆ.

7. ತುಂಬಿ

ಬಿರುಕಿನ ಎರಡೂ ಬದಿ, ದಡದಿಂದ ಒಂದೆರಡು ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್ ಸುತ್ತಿ.

ಮೊದಲು ಅರಾಲ್ಡೈಟ್. ಟ್ಯೂಬಿನ ಮೇಲೆ ಬರೆದ ಪ್ರಮಾಣದಲ್ಲಿ ಕಲಸಿ, ಬಟ್ಟಲನ್ನು ಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಇಟ್ಟರೆ ತೆಳ್ಳಗಾಗುತ್ತದೆ. ಟೊಳ್ಳು ಶಬ್ದ ಬಂದ ಕಡೆ ಸಿರಿಂಜ್‌ನಿಂದ ಪ್ಲಾಸ್ಟಿಕ್ ಅಡಿಗೆ ಬಿಡಿ. ಉಳಿದ ಸಂದುಗಳ ಉಕ್ಕಿಗೂ ದಡಕ್ಕೂ ಕಡ್ಡಿಯಿಂದ ತೆಳ್ಳಗೆ ಸವರಿ. ಇದು ಪುಟ್ಟಿಗೂ ಹಳೆ ಮೈಗೂ ನಡುವಿನ ಅಂಟು. ಇದು ಹಸಿಯಾಗಿ ಅಂಟಂಟಾಗಿರುವಾಗಲೇ ಪುಟ್ಟಿ ಹಾಕಬೇಕು.

ಎಂ-ಸೀಲ್‌ನ ಎರಡು ಭಾಗವನ್ನು ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ ಚಪಾತಿ ಹಿಟ್ಟು ನಾದಿದಂತೆ ನಾದಿ. ಬಣ್ಣ ಪೂರ್ತಿ ಒಂದಾಗಬೇಕು. ಒಂದು ಎಳೆಯಷ್ಟು ಬೇರೆ ಬಣ್ಣ ಉಳಿದರೂ ಅಲ್ಲಿ ಅದು ಗಟ್ಟಿಯಾಗುವುದಿಲ್ಲ. ಒಂದು ಸಲಕ್ಕೆ ಎರಡು ಮೂರು ಬಿರುಕಿಗೆ ಆಗುವಷ್ಟೇ ಕಲಸಿ.

ತೆಳು ಬತ್ತಿಯಂತೆ ಹೊಸೆದು ಸಂದಿನ ತಳಕ್ಕೆ ಒತ್ತಿ. ಮೇಲಿಂದ ದೊಡ್ಡ ಉಂಡೆ ಇಟ್ಟು ಅದುಮಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ತಳದಿಂದ ಮೇಲಕ್ಕೆ, ಮರದ ಕಡ್ಡಿಯಿಂದ ತುರುಕುತ್ತ ಬನ್ನಿ. ಕೊನೆಗೆ ಸುತ್ತಲಿನ ಮಟ್ಟಕ್ಕಿಂತ 1ರಿಂದ 2 ಮಿ.ಮೀ. ಎತ್ತರವಾಗಿರಲಿ.

ಕೈಗೆ ಅಂಟುತ್ತದೆ ಎಂದು ಬೆರಳಿಗೆ ನೀರು ಮುಟ್ಟಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ನಲ್ಲಿ ಸೋರಿಕೆಗೆ ಹಾಕುವಾಗ ಅದು ನಡೆಯುತ್ತದೆ. ಇಲ್ಲಿ ತಳದ ಪದರಗಳಿಗೆ ನೀರು ತಾಗಿದರೆ ಪದರ ಪದರ ಬೇರೆಯಾಗುತ್ತದೆ. ಎಲ್ಲ ತುಂಬಿ ಆದ ಮೇಲೆ, ಮೇಲ್ಮೈ ನಯ ಮಾಡಲು ಮಾತ್ರ ಒಂದು ಒದ್ದೆ ಬೆರಳು ಸಾಕು. ಪುಟ್ಟಿ ಮೆತ್ತಗಿರುವಾಗಲೇ ಟೇಪ್ ಎಳೆದುಬಿಡಿ.

ದೊಡ್ಡ ಚೂರೇ ಹಾರಿಹೋಗಿದ್ದರೆ ಒಂದೇ ಸಲ ತುಂಬಬೇಡಿ. ಬಳೆಗೆ ತೆಳು ತಾಮ್ರದ ತಂತಿಯನ್ನು ಬಿಡಿ ಬಿಡಿಯಾಗಿ ಸುತ್ತಿ, ಅರ್ಧ ತುಂಬಿ, ಮರುದಿನ 80 ನಂಬರಿನ ಕಾಗದದಿಂದ ಗೀರಿ, ಉಳಿದರ್ಧ ತುಂಬಿ.

8. ಕಾಯಿರಿ, ಮತ್ತು ಬಿಸಿಲಿಗಿಡಿ

ಉಗುರು ಒತ್ತಿದರೆ ಗುರುತು ಬೀಳದಿದ್ದರೆ ಗಟ್ಟಿಯಾಯಿತು ಎಂದುಕೊಳ್ಳುತ್ತೇವೆ. ಆಗಿರುವುದಿಲ್ಲ. ಒಣ ಹವೆಯಲ್ಲಿ 24 ಗಂಟೆ, ಮಳೆಗಾಲದಲ್ಲಿ 48 ಗಂಟೆ ಮುಟ್ಟಬೇಡಿ. ಉಜ್ಜಿದಾಗ ಧೂಳು ಒಣಗಿ ಉದುರಬೇಕು. ಕಾಗದಕ್ಕೆ ಮೆತ್ತಿಕೊಂಡು ಉಂಡೆ ಕಟ್ಟಿದರೆ ಇನ್ನೂ ಒಂದು ದಿನ ಬಿಡಿ. ಒದ್ದೆ ಹವೆಯಲ್ಲಿ ಎಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಉಜ್ಜುವ ಮುಂಚೆ ಅದನ್ನು ಸೋಪ್ ನೀರಿನಿಂದ ತೊಳೆಯಬೇಕು.

ಆಮೇಲೆ 80 ನಂಬರಿನಿಂದ ಒರಟಾಗಿ ಮಟ್ಟ ಮಾಡಿ. ಇಲ್ಲಿ ನಿಲ್ಲಿಸಿ.

ವೀಲನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಸೀಟಿನ ಮೇಲೆ ಇಡಿ, ಗಾಜು ಏರಿಸಿ. ಒಂದು ವಾರ. ಹಗಲಿಡೀ ಬಿಸಿಯಾಗುತ್ತದೆ, ರಾತ್ರಿ ತಣಿಯುತ್ತದೆ. ಕಾರಿಗೆ ಹಾಕಿದ ಮೇಲೆ ಅದರ ಪಾಡು ಇದೇ ಅಲ್ವಾ? ಈ ಶಾಖಕ್ಕೆ ಎಪಾಕ್ಸಿ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಟ್ಟುಕೊಳ್ಳುವ ಜಾಗ ಇದ್ದರೆ ಈಗಲೇ ಬಿಟ್ಟುಕೊಳ್ಳುತ್ತದೆ. ವಾರದ ಕೊನೆಯಲ್ಲಿ ಮತ್ತೆ ಸೀಮೆಸುಣ್ಣ ಸವರಿ ನೋಡಿ. ಗೆರೆ ಕಂಡರೆ ಬೇಜಾರಾಗಬೇಡಿ, ಅದೊಂದನ್ನು ಮತ್ತೆ ತೆರೆದು ತುಂಬಿ. ಬಣ್ಣ ಹೊಡೆದ ಮೇಲೆ ಕಾಣುವುದಕ್ಕಿಂತ ಈಗ ಕಂಡದ್ದು ಎಷ್ಟೋ ವಾಸಿ. ಈ ಒಂದು ವಾರವನ್ನು ಸೇರಿಸಿಕೊಂಡ ಮೇಲೆ ನನ್ನ ಯಾವ ವೀಲ್‌ನಲ್ಲೂ ತುಂಬಿದ ಜಾಗದಲ್ಲಿ ಗೆರೆ ಬಂದಿಲ್ಲ.

9. ಆಕಾರಕ್ಕೆ ತನ್ನಿ

ಬಿರುಕಿಲ್ಲದ ಒಳ್ಳೆ ಭಾಗದ ಮೇಲೆ ರಟ್ಟು ಇಟ್ಟು ರಿಮ್‌ನ ಅರ್ಧ ಸುತ್ತಿನ ಆಕಾರ ಕತ್ತರಿಸಿಕೊಳ್ಳಿ. ತುಂಬಿದ ಕಡೆಯೆಲ್ಲ ಅದನ್ನು ಕೂರಿಸಿ ನೋಡುತ್ತ ಉಜ್ಜಿ. ಪಕ್ಕದ ಪ್ಲಾಸ್ಟಿಕ್‌ಗೆ ಎರಡು ಸುತ್ತು ಟೇಪ್ ಹಾಕಿದರೆ 80 ನಂಬರಿನ ಗೀರು ಅದಕ್ಕೆ ಬೀಳುವುದಿಲ್ಲ. ಪುಟ್ಟಿ ಹಳೆ ಪ್ಲಾಸ್ಟಿಕ್‌ಗಿಂತ ಗಡುಸು. ಸುಮ್ನೆ ಉಜ್ಜುತ್ತ ಹೋದರೆ ಪಕ್ಕದ್ದು ತಗ್ಗಾಗಿ ಪುಟ್ಟಿ ಬಳೆಯಂತೆ ಎದ್ದು ನಿಲ್ಲುತ್ತದೆ.

ದುಂಡು ಭಾಗಕ್ಕೆ ಎಮರಿ ಪಟ್ಟಿಯನ್ನು ಎರಡು ತುದಿ ಹಿಡಿದು, ಮಜ್ಜಿಗೆ ಕಡೆಯುವಾಗ ಹಗ್ಗ ಎಳೆದಂತೆ ಎಳೆಯಿರಿ. ಹಿಂಬದಿಯ ಬೆರಳ ಹಿಡಿಗಳಿಗೆ ಪೆನ್ಸಿಲ್ ಅಥವಾ ಪಿವಿಸಿ ಪೈಪ್ ತುಂಡಿಗೆ ಕಾಗದ ಸುತ್ತಿ. ಬರೀ ಬೆರಳಿನಿಂದ ಉಜ್ಜಿದರೆ ಹಿಡಿಗಳ ಏಣು ಸವೆದು ಸೋಪಿನ ಹಾಗೆ ಕಾಣುತ್ತದೆ. ಈ ತಪ್ಪನ್ನು ತಿದ್ದುವುದು ಬಹಳ ಕಷ್ಟ.

120, 220, 320 ಹೀಗೆ ಒಂದೊಂದೇ ಮೆಟ್ಟಿಲು. ನಡುವೆ ಒಂದನ್ನೂ ಹಾರಿಸಬೇಡಿ. ಆಗಾಗ ಕಣ್ಣು ಮುಚ್ಚಿ ಬೆರಳಾಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

10. ಪ್ರೈಮರ್

ಮತ್ತೆ ಆಲ್ಕೋಹಾಲ್ ಒರೆಸಿ. ಹಬ್‌ನ ಹಲ್ಲುಗಳು, ಹಾರ್ನ್ ತಾಗುವ ಲೋಹದ ಜಾಗ ಎರಡಕ್ಕೂ ಟೇಪ್. ಹಬ್ ತೂತಿಗೆ ಕೋಲು ತೂರಿಸಿ ವೀಲನ್ನು ನಿಲ್ಲಿಸಿದರೆ ತಿರುಗಿಸುತ್ತ ಎಲ್ಲ ಬದಿಗೂ ಹೊಡೆಯಬಹುದು.

ಮೊದಲ ಪದರ ಎರಡು ಭಾಗದ ಎಪಾಕ್ಸಿ ಪ್ರೈಮರ್. ಇದು ಹಳೆ ಪ್ಲಾಸ್ಟಿಕ್, ಪುಟ್ಟಿ ಎರಡನ್ನೂ ಒಂದೇ ಥರ ಹಿಡಿಯುತ್ತದೆ. ಅದರ ಮೇಲೆ ದಪ್ಪ ಕಟ್ಟುವ ಸರ್ಫೇಸರ್. ಒಣಗಿದ ಮೇಲೆ ಬೂದು ಪ್ರೈಮರ್ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಉದುರಿಸಿ, 400 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗಿದೆ ಎಂದರ್ಥ. ಸೂಜಿ ಮೊನೆಯಷ್ಟು ತೂತುಗಳಿಗೆ ಎರಡು ಭಾಗದ ಸ್ಟಾಪರ್ (ನಯವಾದ ಪುಟ್ಟಿ) ತೆಳ್ಳಗೆ ಎಳೆದು, ಮತ್ತೆ ಪ್ರೈಮರ್ ಹೊಡೆಯಿರಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿಯಿಂದ ಮುಚ್ಚಬೇಡಿ. ಅದು ತಿಂಗಳುಗಟ್ಟಲೆ ಕುಗ್ಗುತ್ತ ಹೋಗಿ, ಹೊಳೆಯುವ ಬಣ್ಣದ ಅಡಿಯಲ್ಲಿ ಹಳೆ ಬಿರುಕಿನ ನೆರಳು ಎದ್ದು ಕಾಣುತ್ತದೆ. ಬಿರುಕು ಮರಳಿತು ಎಂದು ಬಂದ ಎಷ್ಟೋ ವೀಲ್‌ಗಳಲ್ಲಿ ನಿಜವಾಗಿ ಆಗಿದ್ದು ಇದು.

ಕೊನೆಗೆ 600 ನಂಬರ್.

11. ಬಣ್ಣ

ಡಬ್ಬಿ ಸ್ಪ್ರೇ ಸುಲಭ, ಆದರೆ ಕೈ ಬೆವರಿಗೆ, ಸ್ಯಾನಿಟೈಸರ್‌ಗೆ ಅದು ಬೇಗ ಅಂಟಂಟಾಗಿ ಸವೆಯುತ್ತದೆ. ದಿನಾ ಕೈ ಬೀಳುವ ಜಾಗಕ್ಕೆ ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣವೇ ಸರಿ. ಇದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇದೆ. ಬಟ್ಟೆ ಮಾಸ್ಕ್, ಎನ್95 ಎರಡೂ ಅದನ್ನು ತಡೆಯುವುದಿಲ್ಲ. ಶ್ವಾಸಕೋಶಕ್ಕೆ ಬಿದ್ದರೆ ಜೀವನವಿಡೀ ಉಬ್ಬಸ ಉಳಿಯಬಹುದು. ಹಾಗಾಗಿ ಇದೊಂದನ್ನು ಬಣ್ಣ ಹೊಡೆಯುವ ಬೂತ್ ಮತ್ತು ಸರಿಯಾದ ಉಸಿರು ರಕ್ಷಣೆ ಇರುವ ಪೇಂಟರ್ ಹತ್ತಿರವೇ ಮಾಡಿಸಿ. ಅವರು ಬೇರೆ ಕಾರಿಗೆ ಅದೇ ಬಣ್ಣ ಹೊಡೆಯುವ ದಿನ ನಿಮ್ಮ ವೀಲನ್ನೂ ಪಕ್ಕಕ್ಕೆ ನಿಲ್ಲಿಸಿದರೆ ಖರ್ಚು ಕಮ್ಮಿ.

ಬಣ್ಣ ಹೊಂದಿಸಲು ಹಾರ್ನ್ ಬಟನ್ ಅಡಿಯಲ್ಲಿ ಬಿಸಿಲು ತಾಗದ ಜಾಗ ತೋರಿಸಿ, ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಕನ್ನಡಿಯಂಥ ಹೊಳಪು ಕೇಳಬೇಡಿ. ಬೆವರಿದ ಕೈಗೆ ಜಾರುತ್ತದೆ, ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ. ಅರೆ ಹೊಳಪು ಹಳೆ ಕಾರಿಗೆ ಚೆನ್ನಾಗಿಯೂ ಒಪ್ಪುತ್ತದೆ.

ಪೇಂಟರ್‌ಗೆ ಹೇಳಬೇಕಾದ್ದು: ಮೊದಲು ಬೆರಳ ಹಿಡಿ, ಸ್ಪೋಕ್ ಸಂದಿ, ಆಮೇಲೆ ಎದುರು. ಮೊದಲ ಪದರ ತೆಳ್ಳಗೆ. ಮಳೆ ಬರುವ ಹವೆ ಇದ್ದರೆ ಮುಂದಕ್ಕೆ ಹಾಕಿ. ತೇವಕ್ಕೆ ಬಣ್ಣದ ಹೊಳಪು ಸತ್ತು ಮಬ್ಬಾಗುತ್ತದೆ. ನಮ್ಮ ಕಡೆ ಡಿಸೆಂಬರ್‌ನಿಂದ ಮಾರ್ಚ್ ಈ ಕೆಲಸಕ್ಕೆ ಒಳ್ಳೆ ಕಾಲ.

ಒಂದು ವಾರ ನೇತು ಹಾಕಿಡಿ. ಧೂಳಿನ ಚುಕ್ಕೆ ಕೂತಿದ್ದರೆ ಆಮೇಲೆ 2000 ನಂಬರಿನಿಂದ ಮೆಲ್ಲಗೆ ತೆಗೆಯಬಹುದು.

12. ಮತ್ತೆ ಕೂರಿಸಿ

ಚಕ್ರಗಳು ನೇರ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ ಎಂದು ನೋಡಿಕೊಳ್ಳಿ. ಹಬ್ ಹಲ್ಲುಗಳ ಟೇಪ್ ತೆಗೆದು, ಬಣ್ಣದ ಕಣ ಇದ್ದರೆ ಬ್ರಷ್ ಮಾಡಿ. ಹಲ್ಲಿನ ನಡುವೆ ಬಣ್ಣ ಇದ್ದರೆ ವೀಲ್ ಪೂರ್ತಿ ಕೂರುವುದಿಲ್ಲ, ನಟ್ ಬಿಗಿಯಾದ ಹಾಗೆ ಅನಿಸಿ ನಂತರ ಸಡಿಲವಾಗುತ್ತದೆ. ಇಂಡಿಕೇಟರ್ ತಾನಾಗಿ ವಾಪಸ್ ಬರುವ ಕ್ಯಾಮ್ ಇರುವ ಕಾರಾದರೆ ಅದು ಸರಿಯಾದ ಜಾಗಕ್ಕೆ ಬರಬೇಕು. ಗೀರಿದ ಗುರುತು ಒಂದಕ್ಕೊಂದು ಸೇರಲಿ. ವೀಲನ್ನು ಕೈಯಿಂದ ಒತ್ತಿ ಕೂರಿಸಿ, ಬಡಿಯಬೇಡಿ. ಲಾಕ್ ವಾಷರ್ ಹೊಸದು ಹಾಕಿ. ನಟ್ ಬಿಗಿತ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ, ಟಾರ್ಕ್ ರೆಂಚ್‌ನಿಂದ.

ಫೋಟೊ ನೋಡಿಕೊಂಡು ಹಾರ್ನ್ ಸ್ಪ್ರಿಂಗ್, ತಂತಿ, ಬಟನ್ ಕೂರಿಸಿ. ಬ್ಯಾಟರಿ ತಂತಿ ಹಾಕಿ. ಹಾರ್ನ್ ನೋಡಿ. ಬಲಕ್ಕೂ ಎಡಕ್ಕೂ ಕೊನೆವರೆಗೆ ತಿರುಗಿಸಿ, ಎಲ್ಲಾದರೂ ಹಾರ್ನ್ ತಾನಾಗಿ ಕೂಗಿದರೆ ತಂತಿ ಒತ್ತಿಕೊಂಡಿದೆ. ವೀಲನ್ನು ಹಿಂದೆ ಮುಂದೆ ಎಳೆದು ಆಟ ಇಲ್ಲವೆಂದು ಖಚಿತ ಮಾಡಿಕೊಂಡು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ.

ಮೊದಲ ವಾರದ ನಂತರ ಹಾರ್ನ್ ಬಟನ್ ತೆಗೆದು ನಟ್ ಬಿಗಿತ ಇನ್ನೊಮ್ಮೆ ನೋಡಿ. ತಿರುಗಿಸುವಾಗ ಕಟಕಟ ಎಂದರೆ, ರಿಮ್ ಸ್ಪೋಕ್‌ನ ಬಳಿ ಮಿಸುಕಿದರೆ, ಅವತ್ತೇ ಕಾರು ನಿಲ್ಲಿಸಿ ಬಿಚ್ಚಿ. ಬಣ್ಣದಲ್ಲಿ ಕೂದಲೆಳೆ ಗೆರೆ ಮಾತ್ರ ಕಂಡರೆ ಗಾಬರಿ ಬೇಡ, ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬಣ್ಣದ್ದು. ಸಿಕ್ಕಿಕೊಂಡರೆ ಒಳಗಿನದು, ಆ ಒಂದು ಜಾಗವನ್ನು ಐದನೇ ಹಂತದಿಂದ ಮತ್ತೆ ಮಾಡಬೇಕು. ಕಾರು ಹೊರಗೆ ನಿಲ್ಲುವುದಾದರೆ ವೀಲ್ ಮೇಲೆ ಒಂದು ಹಳೆ ಬಿಳಿ ಹತ್ತಿ ಟವೆಲ್ ಹೊದಿಸಿ ಬನ್ನಿ. ಸಿಲಿಕೋನ್ ಪಾಲಿಶ್ ಮಾತ್ರ ಇನ್ನು ಅದರ ಹತ್ತಿರ ತರಬೇಡಿ, ಒದ್ದೆ ಬಟ್ಟೆಯೇ ಸಾಕು.